ಒಟಿಪಿ ಒಳಕೋಣೆಯಲ್ಲಿದೆ

ಮಗ: ಅಮ್ಮಾ, ಒಟಿಪಿ ಬಂತಾ ಕೇಳು.

ತಾಯಿ: ಯಾರನ್ನ ಕೇಳ್ಲಿ?

ಮಗ: ಅವಳನ್ನ.

ತಾಯಿ: ಈ ಮನೇಲಿ ‘ಅವಳು’ ಅನ್ನಿಸಿಕೊಳ್ಳೋರು ಇಬ್ಬರಿದೀವಿ. ಯಾರು ಬೇಕೋ ಸರಿಯಾಗಿ ಹೇಳ್ಬೇಕು.

ಮಗ: ನಿನ್ನನ್ನ ಕೇಳು ಅಂತ ನಿನಗೇ ಹೇಳ್ತೀನಾ ನಾನು?

ತಾಯಿ: ಹಾಗೆ ಕೇಳಿದೋರೂ ಇದ್ರಪ್ಪ. ನಮ್ಮ ಸರ್ವೀಸಿನಲ್ಲಿ ಎಂಥೆಂಥೋರನ್ನ ನೋಡಿಲ್ಲ. ಲೈನಲ್ಲೇ ಇರು, ಕೇಳ್ತೀನಿ.

ಲೈನು ಎಂದರೆ ಬೇರೇನಲ್ಲ, ನಡುಮನೆಯ ಊಟದ ಮೇಜಿನಿಂದ ಒಳಕೋಣೆಯ ಹೊಲಿಗೆ ಯಂತ್ರದವರೆಗಿನ ದಾರಿ. ಮಗ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತಿದ್ದ. ಸೊಸೆ ಒಳಗೆ ಯಾರದೋ ಪರದೆಯ ಅಂಚು ಹೊಲಿಯುತ್ತಿದ್ದಳು. ಎರಡರ ಮಧ್ಯದ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತವಳು ತಾಯಿ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಹಿರಿಯರು ಹೇಳಿದ್ದಾರೆ. ಇವರಿಬ್ಬರೂ ವಾರದಿಂದ ಹೊತ್ತು ಹೊತ್ತಿಗೆ ಉಂಡರು, ಮಲಗಿದರು, ಆದರೆ ಒಬ್ಬರೊಡನೊಬ್ಬರು ಮಾತಾಡಲಿಲ್ಲ. ‘ಉಪ್ಪು ಕಡಿಮೆ’ ಎಂಬ ಮಾತೂ ತಾಯಿಯ ಮೂಲಕವೇ ಹೋಗಬೇಕು, ‘ಡಬ್ಬಿ ಎದುರಿಗೇ ಇದೆ’ ಎಂಬ ಉತ್ತರವೂ ಆಕೆಯ ಮೂಲಕವೇ ಬರಬೇಕು.

ಬೇರೆ ಯಾರಾದರೂ ಆಗಿದ್ದರೆ ಇಬ್ಬರಿಗೂ ಒಂದೊಂದು ಬೈದು ಎದ್ದು ಹೋಗುತ್ತಿದ್ದರು. ಆದರೆ ಆಕೆ ಟೆಲಿಫೋನ್ ಎಕ್ಸ್‌ಚೇಂಜಿನ ಆಪರೇಟರ್ ಆಗಿ ನಿವೃತ್ತಳಾದವಳು. ಆ ಊರಿನವರನ್ನು ಈ ಊರಿನವರಿಗೆ ಕೂಡಿಸಿಕೊಡುವುದರಲ್ಲಿ ಆಯುಷ್ಯ ಸವೆಸಿದವಳು. ಮಧ್ಯೆ ಕೂರುವುದು ಆಕೆಗೆ ಅವಮಾನವಲ್ಲ, ಉದ್ಯೋಗ.

ತಾಯಿ: ಒಟಿಪಿ ಬಂದಿದೆಯಾ ಅಂತ ಊಟದ ಮೇಜಿಂದ ಕೇಳ್ತಿದಾರಮ್ಮ.

ಸೊಸೆ: ಬಂದಿದೆ ಅಂತ ಹೇಳಿ ಅತ್ತೆ.

ತಾಯಿ: ಬಂದಿದೆಯಂತೆ.

ಮಗ: ಎಷ್ಟಂತೆ?

ತಾಯಿ: ಅದು ಹೊಸ ಪ್ರಶ್ನೆ. ಮತ್ತೆ ಮೊದಲಿಂದ ಕೂಡಿಸ್ಬೇಕು.

ಮಗ: ಅಮ್ಮಾ, ಹನ್ನೆರಡಕ್ಕೆ ಗಡುವು ಮುಗಿಯುತ್ತೆ! ಆಗಲೇ ಹನ್ನೊಂದು ದಾಟಿದೆ!

ತಾಯಿ: ಅರ್ಜೆಂಟ್ ಕಾಲ್ ಅಂತ ಮೊದಲೇ ಹೇಳ್ಬಾರದಾ? ನೋಡಮ್ಮ, ಎಷ್ಟು ಅಂತ ಕೇಳ್ತಿದಾರೆ. ಅರ್ಜೆಂಟಂತೆ.

ಹೊಲಿಗೆ ಯಂತ್ರ ನಿಂತಿತು.

ಸೊಸೆ: ಮೆಸೇಜಿನ ಕೆಳಗೆ ‘ಇದನ್ನು ಯಾರಿಗೂ ಹೇಳಬೇಡಿ’ ಅಂತ ಬರೆದಿದೆ ಅತ್ತೆ. ಯಾರಿಗೂ ಅಂದ್ರೆ ಯಾರಿಗೂ. ಕೆಲವರು ಹೆಂಡತಿಗೆ ಹೇಳಬೇಕಾದ್ದನ್ನ ಸಲೂನಿನವನಿಗೆ ಹೇಳ್ತಾರೆ. ನಾನು ಆ ಪೈಕಿ ಅಲ್ಲ.

ತಾಯಿ: ಇದರಲ್ಲಿ ಎಷ್ಟನ್ನ ಹೇಳ್ಲಿ?

ಸೊಸೆ: ಪೂರ್ತಿ ಹೇಳಿ.

ತಾಯಿ ಪೂರ್ತಿ ಹೇಳಿದಳು, ಒಂದಕ್ಷರ ಸೇರಿಸದೆ, ಒಂದಕ್ಷರ ಬಿಡದೆ, ಬಸ್ಸು ಹೊರಡುವ ವೇಳೆ ಹೇಳುವವರ ದನಿಯಲ್ಲಿ. ಅಷ್ಟರಲ್ಲಿ ಲ್ಯಾಪ್‌ಟಾಪಿನ ಪರದೆ ಕೆಂಪಗಾಗಿ, ಒಟಿಪಿಯ ಅವಧಿ ಮುಗಿದಿದೆ ಎಂದಿತು.

ಈಗ ಸಂಗತಿ ಏನೆಂದು ಹೇಳಿಬಿಡಬೇಕು. ಮಗ ಸರ್ವೆ ಇಲಾಖೆಯಲ್ಲಿ ನಕ್ಷೆ ಬರೆಯುವವನು. ಬೆಟ್ಟದ ಮೇಲಿನ ಊರೊಂದರಲ್ಲಿ ಜಾಗ ಖಾಲಿಯಿದೆ ಎಂದು ತಿಳಿದು, ಇಲಾಖೆಯ ವೆಬ್‌ಸೈಟಿನಲ್ಲಿ ವರ್ಗಾವಣೆಗೆ ಅರ್ಜಿ ಹಾಕಿದ. ಹೆಂಡತಿಗೆ ಹೇಳಲಿಲ್ಲ. ಖಾತ್ರಿಯಾದ ಮೇಲೆ ಹೇಳೋಣ ಎಂದುಕೊಂಡ. ತಲೆಗೂದಲು ಕತ್ತರಿಸುವವನಿಗೆ ಮಾತ್ರ ಹೇಳಿದ. ಅವನು ತನ್ನ ಹೆಂಡತಿಗೆ ಹೇಳಿದ. ಅವಳು ಪರದೆ ಹೊಲಿಸಲು ಬಂದವಳು, ‘ಅಂತೂ ಊರು ಬಿಡ್ತಿದೀರಂತೆ’ ಎಂದು ಕೇಳಿಯೇಬಿಟ್ಟಳು. ಆವತ್ತಿನಿಂದ ಮನೆಯಲ್ಲಿ ಎಕ್ಸ್‌ಚೇಂಜ್ ತೆರೆಯಿತು. ಆ ವೆಬ್‌ಸೈಟಿನಲ್ಲಿ ಖಾತೆ ಮಾಡಿದ ದಿನ ಮಗನ ಫೋನು ನೀರಿನ ಬಕೆಟ್ಟಿಗೆ ಬಿದ್ದಿತ್ತು, ಅದಕ್ಕೇ ಹೆಂಡತಿಯ ನಂಬರು ಕೊಟ್ಟಿದ್ದ. ಹಾಗಾಗಿ ಅವನು ತನ್ನ ಖಾತೆಯ ಬಾಗಿಲು ತಟ್ಟಿದಾಗಲೆಲ್ಲ ಕೀಲಿಕೈ ಒಳಕೋಣೆಯಲ್ಲಿ ಬೀಳುತ್ತಿತ್ತು.

ಇಷ್ಟೇ ಆಗಿದ್ದರೆ ತಾಯಿಗೆ ಚಿಂತೆಯಿರಲಿಲ್ಲ. ಆದರೆ ಇವತ್ತು ಬೆಳಿಗ್ಗೆ ಮಗ ಅಡಿಗೆಮನೆಗೆ ಬಂದು ಆಕೆಯ ಕಿವಿಯಲ್ಲಿ ಹೇಳಿದ್ದ: ಅರ್ಜಿ ವಾಪಸ್ ತಗೋತೀನಮ್ಮ, ಅವಳಿಗೆ ಇಷ್ಟವಿಲ್ಲದ ಮೇಲೆ ನನಗೂ ಬೇಡ. ಹನ್ನೆರಡರೊಳಗೆ ಲಾಗಿನ್ ಆಗಿ ವಾಪಸ್ ತಗೊಳ್ಳದಿದ್ರೆ ತಾನಾಗೇ ಮಂಜೂರಾಗಿಬಿಡುತ್ತೆ, ಆಮೇಲೆ ಅವಳು ಜನ್ಮದಲ್ಲಿ ನನ್ನ ಮಾತಾಡಿಸಲ್ಲ. ಅವಳಿಗೆ ಮಾತ್ರ ಹೇಳಬೇಡ. ಇನ್ನು ಸೊಸೆಯಾದರೋ, ನಿನ್ನೆ ಸಂಜೆಯೇ ಬಟ್ಟೆ ಮಡಿಸುತ್ತಾ ಹೇಳಿದ್ದಳು: ನನಗೆ ಹೋಗೋಕೆ ಇಷ್ಟವೇ ಅತ್ತೆ. ನಾಳೆ ಹನ್ನೆರಡರೊಳಗೆ ಇವರು ಲಾಗಿನ್ ಆಗಿ ದೃಢೀಕರಿಸದಿದ್ರೆ ಅರ್ಜಿ ಬಿದ್ದುಹೋಗುತ್ತಂತೆ, ಸಲೂನಿನವನ ಹೆಂಡತಿ ಹೇಳಿದಳು. ಆದ್ರೂ ಅವರಿಗೆ ಹೇಳಬೇಡಿ, ಬಂದು ಕೇಳಲಿ.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರೆ. ಇಲ್ಲಿ ಎರಡೂ ಏರಿಗೇ ಎಳೆಯುತ್ತಿದ್ದವು, ಬೆನ್ನಿಗೆ ಬೆನ್ನು ಮಾಡಿಕೊಂಡು. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಆಪರೇಟರ್ ಆದವಳು ಒಂದು ಕಡೆ ಕೇಳಿಸಿಕೊಂಡದ್ದನ್ನು ಇನ್ನೊಂದು ಕಡೆ ಆಡುವುದುಂಟೇ? ಊರಿನ ಎಷ್ಟೋ ಸಂಸಾರಗಳು ಉಳಿದದ್ದೇ ಆಕೆ ಬಾಯಿ ಮುಚ್ಚಿಕೊಂಡಿದ್ದರಿಂದ. ಈಗ ಮಗನಿಗಾಗಿ ಆ ವ್ರತ ಕೆಡಿಸುವುದು ಆಕೆಗೆ ಸರಿಕಾಣಲಿಲ್ಲ. ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಗಡುವಿನ ವಿಷಯದಲ್ಲಿ ಸಲೂನಿನವನ ಹೆಂಡತಿಗಿಂತ ಇಲಾಖೆಯಲ್ಲೇ ಇರುವ ಮಗನ ಮಾತು ನಿಜವಿರಬೇಕು, ಹಾಗಾಗಿ ಉಳಿದದ್ದು ಒಂದೇ ದಾರಿ. ಹನ್ನೆರಡು ಹೊಡೆಯುವವರೆಗೆ ಮಗ ಲಾಗಿನ್ ಆಗದಂತೆ ನೋಡಿಕೊಂಡರೆ ಸಾಕು, ಇಬ್ಬರಿಗೂ ಬೇಕಾದದ್ದು ತಾನಾಗಿ ಆಗುತ್ತದೆ. ಸರ್ವೀಸಿನಲ್ಲಿ ಒಂದು ಕಾಲನ್ನೂ ಬೇಕೆಂದು ತಡಮಾಡಿದವಳಲ್ಲ ಆಕೆ. ಇವತ್ತು ಶುರುಮಾಡಿದಳು.

ಮಗ: ಇನ್ನೊಂದು ಕಳಿಸೋಕೆ ಹೇಳಿದೀನಿ. ಥೂ, ಇದೊಂದು. ‘ನಾನು ರೋಬೋಟ್ ಅಲ್ಲ’ ಅಂತ ಗುರುತು ಹಾಕ್ಬೇಕಂತೆ.

ತಾಯಿ: (ಒಳಗೆ ತಿರುಗಿ) ತಾನು ರೋಬೋಟ್ ಅಲ್ಲ ಅಂತಿದಾನಮ್ಮ.

ಮಗ: ಅದನ್ನ ಯಾಕೆ ಅವಳಿಗೆ ಹೇಳ್ತೀಯಾ?

ತಾಯಿ: ಲೈನು ತೆರೆದಿತ್ತು. ಆಡಿದ್ದೆಲ್ಲ ಹೋಗುತ್ತೆ.

ಸೊಸೆ: ಅದಕ್ಕೆ ಸಾಕ್ಷಿ ಯಾರಿದಾರೆ ಅಂತ ಕೇಳಿ ಅತ್ತೆ. ಒಂದು ವಾರದಿಂದ ಬರ್ತಾರೆ, ತಿಂತಾರೆ, ಮಲಗ್ತಾರೆ. ನಾನಂತೂ ಸಾಕ್ಷಿ ಹೇಳಲ್ಲ.

ತಾಯಿ: ಸಾಕ್ಷಿ ಸಿಗೋದು ಕಷ್ಟವಂತೆ.

ಮಗ: ಸಾಕ್ಷಿ ಬೇಡ! ಗುರುತು ಹಾಕಾಯ್ತು! ಈಗ ಹೊಸ ಒಟಿಪಿ ಬಂದಿರುತ್ತೆ. ಅಮ್ಮಾ, ದಯವಿಟ್ಟು ಕೇಳು. ನಾನು ಒಳ್ಳೇದಕ್ಕೇ ಕೇಳ್ತಿರೋದು ಅಂತ ಹೇಳು.

ತಾಯಿ ಹೇಳಿದಳು. ಸೊಸೆ ಬಾಗಿಲ ಬಳಿ ಬಂದು ತಗ್ಗಿದ ದನಿಯಲ್ಲಿ ಕೇಳಿದಳು.

ಸೊಸೆ: ಒಳ್ಳೇದಕ್ಕೆ ಅಂದ್ರಾ?

ತಾಯಿ: ಅಂದ.

ಸೊಸೆ: ಹಾಗಾದ್ರೆ ಹೋಗ್ಲಿ, ಹೇಳಿಬಿಡಿ. ಹೊತ್ತು ಮೀರಿದ್ರೆ ಆಮೇಲೆ ಅದಕ್ಕೂ ನಾನೇ ಕಾರಣ ಅಂತಾರೆ. ಐದು, ಎಂಟು, ಸೊನ್ನೆ, ಎರಡು, ಎಂಟು, ಏಳು.

ನಂಬರು ಕೈಗೆ ಬಂದ ಮೇಲೆ ದಾಟಿಸದೆ ಇರುವ ಹಾಗಿಲ್ಲ. ತಪ್ಪು ಹೇಳುವುದಂತೂ ಪ್ರಾಣ ಹೋದರೂ ಆಗದು. ತಾಯಿ ಕನ್ನಡಕ ಸರಿಮಾಡಿಕೊಂಡು ಕುರ್ಚಿಯನ್ನು ಮಗನ ಕಡೆ ತಿರುಗಿಸಿದಳು.

ತಾಯಿ: ಆರು ಅಂಕಿ ಇದೆ. ಬರ್ಕೊಳ್ಳೋಕೆ ತಯಾರಿದೀಯಾ?

ಮಗ: ತಯಾರಿದೀನಿ, ಹೇಳು ಹೇಳು!

ತಾಯಿ: ಒಂದೇ ಸಲ ಹೇಳು ಅಂದ್ರೆ ಸಾಕು. ಮೊದಲನೇದು ಐದು. ತಿರುಗಿ ಹೇಳು.

ಮಗ: ಐದು!

ತಾಯಿ: ಸರಿ. ಮುಷ್ಟಿ ಬಿಚ್ಚಿದ್ರೆ ಎಷ್ಟು ಬೆರಳೋ ಅಷ್ಟು. ಎರಡನೇದು ಎಂಟು.

ಮಗ: ಎಂಟು, ಆಮೇಲೆ?

ತಾಯಿ: ‘ಆಮೇಲೆ’ ಅನ್ನೋದು ನಂಬರಿನ ಭಾಗ ಅಲ್ಲ. ಬರೀ ಎಂಟು ಅನ್ನು.

ಮಗ: ಎಂಟು.

ತಾಯಿ: ಸರಿ. ಇನ್ನು ಮೊದಲನೇದನ್ನೂ ಎರಡನೇದನ್ನೂ ಕೂಡಿಸಿ ಹೇಳು.

ಮಗ: ಹದಿಮೂರು!

ತಾಯಿ: ಅಯ್ಯೋ, ಲೆಕ್ಕ ಮಾಡು ಅಂದ್ನೇನೋ? ಜೊತೆಗೆ ಹೇಳು ಅಂದೆ. ಐವತ್ತೆಂಟು. ನೋಡು, ಇದಕ್ಕೇ ತಿರುಗಿ ಹೇಳಿಸೋದು. ಒಂದು ಸಲ ಹೀಗೇ ಅವಸರ ಮಾಡಿ ಒಬ್ಬರು ಬೀಗರ ಮನೆಗೆ ಅಂತ ಫೋನ್ ಮಾಡಿ ಪೊಲೀಸ್ ಠಾಣೆಗೆ ಸಿಕ್ಕಿಬಿದ್ರು. ಮೂರನೇದು ಸೊನ್ನೆ.

ಮಗ: ಸೊನ್ನೆ. ಅಮ್ಮಾ, ಕಾಲಿಗೆ ಬೀಳ್ತೀನಿ!

ತಾಯಿ: ಡ್ಯೂಟಿ ಹೊತ್ತಲ್ಲಿ ಬೇಡ. ನಾಲ್ಕನೇದು...

ಪರದೆ ಮತ್ತೆ ಕೆಂಪಗಾಯಿತು. ಅವಧಿ ಮುಗಿದಿದೆ, ಸ್ವಲ್ಪ ಸಮಯ ಬಿಟ್ಟು ಮತ್ತೆ ಪ್ರಯತ್ನಿಸಿ ಎಂಬ ಸಾಲು ಬಂತು. ಮಗ ಹಣೆಯನ್ನು ಕೀಬೋರ್ಡಿನ ಮೇಲಿಟ್ಟ. ಪಾಸ್‌ವರ್ಡಿನ ಜಾಗದಲ್ಲಿ ಚುಕ್ಕಿಗಳ ಸಾಲು ಹೊರಟಿತು. ಎತ್ತಿ ಆಡಿಸಿದ ಮಗನಿಗೆ ಹೀಗೆ ಮಾಡಬೇಕಾಯಿತಲ್ಲ ಎಂದು ತಾಯಿ ಸಂಕಟಪಟ್ಟಳು. ಜೊತೆಗೆ ಗಡಿಯಾರವನ್ನೂ ನೋಡಿದಳು. ಇನ್ನೂ ಹೊತ್ತಿತ್ತು.

ಕಡೆಗೆ ಹನ್ನೆರಡಕ್ಕೆ ಹತ್ತು ನಿಮಿಷ ಇದೆ ಎನ್ನುವಾಗ ವೆಬ್‌ಸೈಟಿಗೆ ದಯೆ ಬಂತು. ಮಗ ಮತ್ತೆ ಹೆಸರು ಒತ್ತಿದ, ಪಾಸ್‌ವರ್ಡ್ ಒತ್ತಿದ, ಮತ್ತೊಮ್ಮೆ ತಾನು ರೋಬೋಟ್ ಅಲ್ಲವೆಂದು ಪ್ರಮಾಣ ಮಾಡಿದ. ಒಳಗೆ ಫೋನು ಟಿಂಗ್ ಎಂದಿತು.

ತಾಯಿ: ಇರು, ಕೇಳ್ತೀನಿ. ಮೊದಲು ಸ್ವಲ್ಪ ನೀರು ಕುಡೀತೀನಿ. ಗಂಟಲು ಒಣಗಿದೆ.

ಸೊಸೆ: ಬೇಡ ಅತ್ತೆ. ನೀವು ನೀರು ಕುಡಿಯೋಷ್ಟ್ರಲ್ಲಿ ಊರೇ ಮುಳುಗಿಹೋಗುತ್ತೆ.

ಕೊರಳಲ್ಲಿ ಅಳತೆಪಟ್ಟಿ, ತುಟಿಯಲ್ಲಿ ಎರಡು ಗುಂಡುಪಿನ್ನು. ಸೊಸೆ ಹೊರಗೆ ಬಂದು, ಕುರ್ಚಿಯನ್ನು ಸುತ್ತುಹಾಕಿ ನಡೆದು, ಫೋನನ್ನು ಗಂಡನ ಎದುರಿಗಿಟ್ಟಳು. ಇಟ್ಟು, ಗೋಡೆಯ ಕಡೆ ಮುಖ ತಿರುಗಿಸಿ ನಿಂತಳು. ಮಗ ಆರೂ ಅಂಕಿಯನ್ನು ಒಂದೇ ಉಸಿರಿಗೆ ಒತ್ತಿದ. ಪರದೆಯ ಮೇಲೆ ಅವನ ಹೆಸರು, ಹುದ್ದೆ, ನಗುವನ್ನೇ ಕಾಣದ ಒಂದು ಫೋಟೋ, ಕೆಳಗೆ ಹಸಿರೊಂದು ಕೆಂಪೊಂದು ಗುಂಡಿ.

ಆಪರೇಟರನ್ನು ಬಿಟ್ಟು ಲೈನು ನೇರವಾಗಿ ಕೂಡಿಬಿಟ್ಟಿತ್ತು. ತಾಯಿಯ ಬಾಯಿಂದ ಹೊರಟದ್ದು ಹಳೆಯ ಅಭ್ಯಾಸದ ಮಾತು.

ತಾಯಿ: ಪಾರ್ಟಿ ಲೈನಲ್ಲಿದಾರೆ, ಮಾತಾಡಿ! ಇಬ್ಬರೂ ಮಾತಾಡಿ!

ಮಗ ಬಾಣದ ಗುರುತನ್ನು ಕೆಂಪು ಗುಂಡಿಯತ್ತ ಒಯ್ದ. ಗೋಡೆ ನೋಡುತ್ತಿದ್ದವಳು ಓರೆಗಣ್ಣಲ್ಲಿ ಪರದೆ ನೋಡಿದಳು. ತುಟಿಯಿಂದ ಗುಂಡುಪಿನ್ನು ತೆಗೆದಳು.

ಸೊಸೆ: ರೀ! ಅದಲ್ಲ, ಪಕ್ಕದ್ದು!

ಮಗ: ಯಾವ ಪಕ್ಕದ್ದು?

ಸೊಸೆ: ಹಸಿರುದು! ದೃಢೀಕರಿಸಿ ಅಂತಿದೆಯಲ್ಲ!

ಮಗ: ಅದನ್ನ ಒತ್ತಿದ್ರೆ ಬೆಟ್ಟದ ಮೇಲಕ್ಕೆ ಹೋಗ್ಬೇಕಾಗುತ್ತೆ.

ಸೊಸೆ: ಹೋಗೋಕೆ ತಾನೇ ಅರ್ಜಿ ಹಾಕಿದ್ದು?

ಮಗ: ನಿನಗೆ ಇಷ್ಟ ಇಲ್ವಲ್ಲ!

ಸೊಸೆ: ಅಂತ ನಾನು ಯಾವಾಗ ಹೇಳಿದೆ?

ಮಗ: ಒಂದು ವಾರದಿಂದ ನೀನು ಮಾತೇ ಆಡಿಲ್ಲ!

ಸೊಸೆ: ಮಾತೇ ಆಡದೋಳು ಇಷ್ಟ ಇಲ್ಲ ಅಂತ ಹೇಗೆ ಹೇಳ್ತಾಳೆ? ನನಗೆ ಬಹಳ ಇಷ್ಟ. ಮೇಲಿನ ಮನೆಯೋರು ಬೆಳಗಾಗೆದ್ದು ಗೋಡೆ ಕೊರೀತಾರೆ. ಇಷ್ಟು ವರ್ಷ ಕೊರೆದೂ ಆ ಗೋಡೆ ಇನ್ನೂ ಹೇಗೆ ನಿಂತಿದೆ ಅಂತ ನೋಡ್ತಾ ಕೂರೋಕೆ ನನಗಾಗಲ್ಲ. ಅಲ್ಲಿ ಚಳಿ. ಚಳಿ ಇದ್ದ ಕಡೆ ಕೋಟು. ಕೋಟು ಇದ್ದ ಕಡೆ ಹೊಲಿಯೋರಿಗೆ ಕೆಲಸ. ಇಷ್ಟೂ ನಿಮಗೆ ತಿಳಿಯಲ್ವಾ?

ಮಗ: ಮತ್ತೆ ಸಿಟ್ಟು ಯಾಕೆ?

ಸೊಸೆ: ನನಗಿಂತ ಮುಂಚೆ ಸಲೂನಿನವನಿಗೆ ಯಾಕೆ ಹೇಳಿದ್ರಿ?

ಮಗ: ಅವನು ಕೇಳಿದ.

ಸೊಸೆ: ಏನಂತ?

ಮಗ: ‘ಮತ್ತೇನು ಸಮಾಚಾರ’ ಅಂತ.

ಸೊಸೆ: ನಾನೂ ದಿನಾ ಸಂಜೆ ಅದನ್ನೇ ಕೇಳ್ತೀನಿ. ‘ಏನಿಲ್ಲ’ ಅಂತೀರಿ.

ಮಗ: ಅವನ ಕೈಲಿ ಕತ್ತಿ ಇತ್ತು.

ಸೊಸೆ: ನನ್ನ ಕೈಲೂ ಕತ್ತರಿ ಇರುತ್ತೆ.

ಮಗ: ನೀನು ಅದನ್ನ ಕುತ್ತಿಗೆ ಹತ್ರ ಹಿಡಿಯಲ್ಲ.

ಸೊಸೆ: ಇನ್ಮೇಲೆ ಹಿಡೀತೀನಿ.

ಮಾತು ಅಲ್ಲಿಗೆ ನಿಲ್ಲಲಿಲ್ಲ. ವಾರದ ಬಾಕಿ ಇತ್ತಲ್ಲ. ಹೋದ ಬೇಸಿಗೆಯಲ್ಲಿ ಅವನು ಒಬ್ಬನೇ ಹೋಗಿ ಕೊಂಡುತಂದ ಬೀರು ಬಂತು, ಆ ಬೀರುವಿನ ಬಾಗಿಲು ಮುಚ್ಚದ್ದು ಬಂತು, ಅವಳ ತಮ್ಮ ಅದನ್ನು ನೋಡಿ ನಕ್ಕದ್ದು ಬಂತು. ಒಂದಕ್ಕೆ ಒಂದು ಕೊಡುತ್ತಾ ಇಬ್ಬರೂ ಮೈಮರೆತರು. ತಾಯಿಗೆ ಅದನ್ನು ಕೇಳುತ್ತಾ ಮನಸ್ಸು ತಂಪಾಯಿತು. ಆಕೆಯ ಕಣ್ಣು ಮಾತ್ರ ಪರದೆಯ ಮೇಲಿತ್ತು. ಬಹಳ ಹೊತ್ತಿನಿಂದ ಏನೂ ಒತ್ತದ ಕಾರಣ ನಿಮ್ಮನ್ನು ಹೊರಗೆ ಕಳುಹಿಸಲಾಗಿದೆ ಎಂದು ಅದು ಸದ್ದಿಲ್ಲದೆ ಬರೆದುಕೊಂಡಿತು. ಆಕೆ ಯಾರಿಗೂ ಹೇಳಲಿಲ್ಲ. ಗಡಿಯಾರ ಹನ್ನೆರಡು ಹೊಡೆಯಿತು.

ಸೊಸೆ: ಅಯ್ಯೋ, ಒತ್ರೀ ಹಸಿರು! ಎಲ್ಲಿ ಹೋಯ್ತು ಹಸಿರು?

ಮಗ: ಮತ್ತೆ ಲಾಗಿನ್ ಆಗಿ ಅಂತಿದೆ.

ಸೊಸೆ: ಗಡುವು ಮುಗೀತು! ಅರ್ಜಿ ಬಿದ್ದುಹೋಯ್ತು!

ಮಗ: ಬಿದ್ದುಹೋಗಲ್ಲ ಕಣೇ. ಏನೂ ಒತ್ತದಿದ್ರೆ ತಾನಾಗೇ ಮಂಜೂರು.

ಸೊಸೆ: ಹಾಗಾದ್ರೆ ಬೆಳಗ್ಗಿಂದ ಈ ಲಾಗಿನ್ನಿಗೆ ಯಾಕೆ ಒದ್ದಾಡಿದ್ದು?

ಮಗ: ವಾಪಸ್ ತಗೊಳ್ಳೋಕೆ. ನಿನಗೋಸ್ಕರ. ಅಮ್ಮನಿಗೆ ಬೆಳಿಗ್ಗೆನೇ ಹೇಳಿದ್ನಲ್ಲ.

ಸೊಸೆ: ಅತ್ತೆಗಾ? ನಾನು ಬರ್ತೀನಿ ಅಂತ ನಿನ್ನೆ ಸಂಜೆನೇ ಅತ್ತೆಗೆ ಹೇಳಿದೀನಲ್ಲ.

ಇಬ್ಬರೂ ಒಟ್ಟಿಗೆ ಬಾಗಿಲ ಕಡೆ ತಿರುಗಿದರು.

ಮಗ: ಅಮ್ಮಾ, ನಿನಗೆ ಎರಡೂ ಗೊತ್ತಿತ್ತಾ?

ತಾಯಿ: ಗೊತ್ತಿತ್ತು.

ಸೊಸೆ: ಮತ್ತೆ ಯಾಕೆ ಹೇಳ್ಲಿಲ್ಲ?

ತಾಯಿ: ಹೇಳಬೇಡ ಅಂತ ಅವನಂದ. ಹೇಳಬೇಡಿ ಅಂತ ನೀನಂದೆ. ನೀವಿಬ್ರೂ ಒಂದೇ ಮಾತು ಆಡಿದ್ದು ಅದೊಂದೇ ಸಲ. ಅದನ್ನೂ ನಡೆಸದಿದ್ರೆ ಹೇಗೆ?

ಮಗ: ಅಂಕಿ ಅಂಕಿ ತಿರುಗಿ ಹೇಳಿಸಿದ್ದು?

ತಾಯಿ: ಅದು ನಿಯಮ.

ಮಗ: ಅದರ ಜೊತೆ ಬೀಗರ ಕಥೆ?

ತಾಯಿ: ಅದು ಸ್ವಲ್ಪ ಜಾಸ್ತಿಯಾಯ್ತು, ಒಪ್ಕೋತೀನಿ.

ಮಗ ಹೆಂಡತಿಯ ಮುಖ ನೋಡಿದ. ಹೆಂಡತಿ ಗಂಡನ ಮುಖ ನೋಡಿದಳು. ವಾರದ ಮೇಲೆ ಮೊದಲ ಸಲ ಇಬ್ಬರಿಗೂ ಒಬ್ಬರ ಮೇಲೇ ಸಿಟ್ಟು ಬಂದಿತ್ತು, ಅದು ಇಬ್ಬರ ಮುಖಕ್ಕೂ ಒಂದು ಕಳೆ ಕೊಟ್ಟಿತ್ತು.

ಸೊಸೆ: ರೀ, ನಿಮ್ಮಮ್ಮನಿಗೆ ಹೇಳಿಬಿಡಿ. ಇವತ್ತು ನಾನು ಅವರ ಹತ್ರ ಮಾತಾಡಲ್ಲ.

ಮಗ: ನಾನೂ ಆಡಲ್ಲ. ನೀನೇ ಹೇಳು.

ಸೊಸೆ: ಹಾಗಿದ್ರೆ ಯಾರು ಹೇಳೋದು?

ತಾಯಿ: ಕೇಳಿಸ್ತು. ಮುಂದುವರಿಸಿ.

ಅವರು ಮುಂದುವರಿಸಿದರು. ಹೊಲಿಗೆ ಯಂತ್ರವನ್ನು ಲಾರಿಯಲ್ಲಿ ಹೇಗೆ ಸಾಗಿಸುವುದು, ಮುಚ್ಚದ ಬಾಗಿಲಿನ ಬೀರುವನ್ನು ಒಯ್ಯುವುದೋ ಇಲ್ಲೇ ಬಿಡುವುದೋ ಎಂದು ಮೇಜು ಬಡಿದು ಚರ್ಚೆ ಮಾಡಿದರು. ಬೀರುವಿನ ಮಾತಿಗೆ ದನಿ ಏರಿತು. ಲಾರಿಯ ಮಾತಿಗೆ ಇನ್ನೂ ಏರಿತು. ಮಧ್ಯೆ ಮಗನಿಗೆ ಏನೋ ಹೊಳೆಯಿತು.

ಮಗ: ಅಲ್ವೇ, ನಾವು ಅಮ್ಮನನ್ನ ಕೇಳಲೇ ಇಲ್ಲ. ಬೆಟ್ಟದೂರು ಅವಳಿಗೆ ಇಷ್ಟಾನಾ ಕೇಳು.

ಸೊಸೆ: (ಗೋಡೆಗೆ ಹೇಳುವಂತೆ) ಇಷ್ಟಾನಾ ಅಂತ ಕೇಳ್ತಿದಾರೆ.

ತಾಯಿ ಎದ್ದು, ಬಾಗಿಲಲ್ಲಿದ್ದ ಕುರ್ಚಿಯನ್ನು ಎತ್ತಿ ಬದಿಗಿಟ್ಟಳು.

ತಾಯಿ: ನನಗೆ ಚಳಿ ಆಗಲ್ಲ, ಏರು ಹತ್ತೋಕೂ ಆಗಲ್ಲ, ಇಲ್ಲಿರೋ ಗೆಳತಿಯರು ಅಲ್ಲಿ ಸಿಗಲ್ಲ, ಆ ಊರು ನನಗೆ ಚೂರೂ ಇಷ್ಟ ಇಲ್ಲ ಅಂತ ಹೇಳಮ್ಮ. ಆದ್ರೆ ನೀವು ನೇರವಾಗಿ ಮಾತಾಡೋದನ್ನ ಈಗಷ್ಟೇ ಕೇಳಿದೆ. ನಿಮ್ಮಿಬ್ಬರನ್ನೇ ಕಳಿಸಿದ್ರೆ ಲಾರಿ ಬೆಟ್ಟ ಹತ್ತೋ ಮುಂಚೆ ಇಬ್ಬರಲ್ಲಿ ಒಬ್ಬರು ಇಳಿದುಹೋಗ್ತೀರಿ. ಬರ್ತೀನಿ ಅಂತ ಹೇಳು.